ಎರಡು ಅಲಗಿನ ಗರಗಸ

ಉಬ್ರಾಣಿಯ ಪಂಚಾಕ್ಷರಪ್ಪನವರ ರೈಫಲ್ಲು ಮುರಿದದ್ದು ಹಂದಿಯಿಂದಲ್ಲ, ಬೆವರಿನಿಂದ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಗುರಿ ಹಿಡಿದಿದ್ದರು. ಹಂದಿ ಎದುರಿಗೇ ಬಂತು. ಅಂಗೈ ಒದ್ದೆಯಾಗಿತ್ತು, ಬಂದೂಕಿನ ಹಿಡಿ ಸವೆದು ನುಣ್ಣಗಾಗಿತ್ತು. ಅದು ಜಾರಿ ಬಂಡೆಯ ಮೇಲೆ ಬಿದ್ದು, ಬೆರಳಿನಿಂದ ಎಳೆಯುವ ಕುದುರೆಯ ಹಿಂದೆ ಕೈ ಕೂರುವ ಕಡೆ ಮರ ಎರಡು ಹೋಳಾಯಿತು. ಹಂದಿ ನಿಧಾನವಾಗಿ ಕಬ್ಬು ತಿಂದು ಹೋಯಿತಂತೆ ಎಂದು ಊರವರು ನಗುವುದನ್ನು ಇನ್ನೂ ಬಿಟ್ಟಿರಲಿಲ್ಲ.

ಆ ರೈಫಲ್ಲಿಗೆ ಹೊಸ ಮರ ಮಾಡುವ ಕೆಲಸ ಚನ್ನಗಿರಿಯ ಪಾಪಣ್ಣನಿಗೆ ಬಂತು. ಬಂತು ಅನ್ನುವುದಕ್ಕಿಂತ ಅವನೇ ಕಿತ್ತುಕೊಂಡ ಅನ್ನಬೇಕು. ಪಂಚಾಕ್ಷರಪ್ಪ ಸಾಮಿಲ್ಲಿಗೆ ಹಲಗೆ ಕೊಯ್ಸಲು ಬಂದವರು, ಮುರಿದ ಮರವನ್ನು ನ್ಯಾಮತಿಯ ಆಚಾರಿಗೆ ಕಳಿಸಬೇಕು ಎಂದು ಯಾರಿಗೋ ಹೇಳುತ್ತಿದ್ದರು. ದಿಮ್ಮಿ ಉರುಳಿಸುತ್ತಿದ್ದ ಪಾಪಣ್ಣ ಅಲ್ಲಿಂದಲೇ ಕೂಗಿದ.

"ಅದನ್ನ ನಾನು ಮಾಡ್ತೀನಿ, ಗೌಡ್ರೇ."

"ಬಾಗಿಲಲ್ಲ ಕಣೋ ಇದು, ಬಂದೂಕು."

"ಬಂದೂಕು ಕಬ್ಬಿಣದ್ದು. ಮುರಿದಿರಾದು ಮರ."

ಗೌಡರು ನ್ಯಾಮತಿಯ ಮಾತನ್ನು ಅಲ್ಲಿಗೇ ಬಿಟ್ಟರು.

ಪಾಪಣ್ಣನಿಗೆ ಆಗ ಇಪ್ಪತ್ಮೂರು. ಹೆಸರು ಪಾಪಣ್ಣ, ಮೂಗಿನ ತುದಿಯಲ್ಲಿ ಕೆಂಡ ಎಂದು ಮಿಲ್ಲಿನವರು ಆಡಿಕೊಳ್ಳುತ್ತಿದ್ದರು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು 'ನೀನು ಅತ್ತ ಗೋಡೆ ಕಡೆ ಕೂತ್ಕೋ' ಎಂದ ದಿನ ಚೀಲವನ್ನೂ ಎತ್ತಿಕೊಳ್ಳದೆ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಿಲ್ಲಿನಲ್ಲಿ ಹೊಟ್ಟು ಗುಡಿಸಲು ಸೇರಿದ. ಊರಿನ ಆಚಾರಿಗಳು ಕೇರಿಯವನಿಗೆ ಉಳಿ ಹಿಡಿಯುವುದನ್ನು ಹೇಳಿಕೊಡಲಿಲ್ಲ. ಅವರು ಹಲಗೆ ಆರಿಸುವಾಗ, ಗೆರೆ ಎಳೆಯುವಾಗ, ಕಚ್ಚು ಕಡಿಯುವಾಗ ಪೊರಕೆ ಹಿಡಿದುಕೊಂಡೇ ನೋಡಿ ಕಲಿತ. ಈಗ ಬಾಗಿಲು, ಕಿಟಕಿ, ಗಾಡಿಯ ನೊಗ ಎಲ್ಲ ಮಾಡುತ್ತಿದ್ದ. ಮಾಡಿಸಿಕೊಂಡವರು ಚೆನ್ನಾಗಿದೆ ಎನ್ನುತ್ತಿದ್ದರು, ಆದರೆ ಕೇಳಿದವರಿಗೆ 'ಮಿಲ್ಲಿನಾಗೆ ಮಾಡಿಸಿದ್ದು' ಎನ್ನುತ್ತಿದ್ದರು. ಮಿಲ್ಲಿನಲ್ಲಿ ಯಾರು ಎಂದು ಯಾರೂ ಹೇಳುತ್ತಿರಲಿಲ್ಲ.

ಗೌಡರು ಲೈಸೆನ್ಸಿನವರು. ಕಬ್ಬಿಣದ ಭಾಗವನ್ನೆಲ್ಲ ಮನೆಯ ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿ, ಮುರಿದ ಮರವನ್ನು ಮಾತ್ರ ಕೊಟ್ಟರು. ಕೂರಿಸಿ ನೋಡಬೇಕಾದಾಗ ಪಾಪಣ್ಣನೇ ಅವರ ಜಗಲಿಗೆ ಹೋಗಬೇಕು. ಹಳೇ ಮನೆಯ ಬಾಗಿಲ ಚೌಕಟ್ಟಿನಿಂದ ತೆಗೆದ ಬೀಟೆ ಮರದ ತುಂಡೊಂದನ್ನು ಅವನು ವರ್ಷದಿಂದ ಎತ್ತಿಟ್ಟಿದ್ದ. ಅದನ್ನು ತಿಂಗಳಿಡೀ ಕೆತ್ತಿದ. ಕಬ್ಬಿಣಕ್ಕೆ ಮಸಿ ಬಳಿದು ಮರಕ್ಕೆ ಒತ್ತಿ, ಮಸಿ ಹತ್ತಿದ ಕಡೆಯಷ್ಟೇ ಹೆರೆದು, ಮತ್ತೆ ಒತ್ತಿ, ಮತ್ತೆ ಹೆರೆದ. ಹನ್ನೊಂದು ಸಲ ಉಬ್ರಾಣಿಗೆ ಸೈಕಲ್ ತುಳಿದ.

ಆ ಕೆಲಸದ ನಡುವೆಯೇ ಅವನು ಒಂದು ದಿನ ಗೌಡರ ಜಗಲಿಯಲ್ಲಿ, ಹಳೇ ಮರದ ಹಿಂತುದಿಯಲ್ಲೇ ಉಳಿದಿದ್ದ ಪಟ್ಟಿಯನ್ನು ಬಿಚ್ಚಿದ್ದ. ಬಂದೂಕನ್ನು ಭುಜಕ್ಕೆ ಆನಿಸುವ ಕಡೆ ಇರುವ ಕಬ್ಬಿಣದ ಪಟ್ಟಿ ಅದು. ಅದರ ಕೆಳಗೆ, ಹೊರಗಿನ ಕಣ್ಣಿಗೆ ಬೀಳದ ಮರದ ಮೇಲೆ, ಕಡಲೆಕಾಳಿನಷ್ಟು ಪುಟ್ಟ ಶಂಖ ಕೆತ್ತಿತ್ತು.

"ಅದು ನ್ಯಾಮತಿ ಆಚಾರಿ ಮನೆತನದ ಗುರುತು," ಎಂದರು ಗೌಡರು. "ಈಗಿರಾ ವಿರೂಪಾಕ್ಷಾಚಾರಿ ಅಪ್ಪ ಮಾಡಿದ ಮರ ಇದು. ಕಡೇ ಕೈ ಯಾರದೋ ಅವರ ಗುರುತು ಅಲ್ಲಿ ಬೀಳ್ತೈತೆ. ಬಂದೂಕಿನ ಕೆಲಸದೋರ ಪದ್ಧತಿ."

ಪಾಪಣ್ಣ ಆ ಶಂಖವನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆವತ್ತೇ ತೀರ್ಮಾನವಾಗಿ ಹೋಯಿತು: ಈ ಹೊಸ ಮರದ ಪಟ್ಟಿಯ ಕೆಳಗೆ ಬೀಳುವುದು ತನ್ನ ಗುರುತು.

ಮರ ಮುಗಿದ ದಿನ ಗೌಡರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಭುಜಕ್ಕೆ ಆನಿಸಿದರು. ಮುಖ ಅರಳಿತು. ಆಮೇಲೆ ಚೊಂಬಿನ ನೀರಿಗೆ ಬಲಗೈ ಅದ್ದಿ ಹಿಡಿಯನ್ನು ಹಿಡಿದರು. ಕೈ ಸರಕ್ಕನೆ ಜಾರಿತು.

"ಗೀರೆಲ್ಲೋ?"

ಹಳೇ ಮರದ ಹಿಡಿಯ ಎರಡೂ ಮಗ್ಗುಲಲ್ಲಿ ಒಂದು ಕಾಲಕ್ಕೆ ಒತ್ತೊತ್ತಾಗಿ ಗೀರುಗಳಿದ್ದವು. ಒಂದು ಸಾಲು ಓರೆಯಾಗಿ ಹೀಗೆ, ಇನ್ನೊಂದು ಸಾಲು ಅದನ್ನು ಕತ್ತರಿಸಿಕೊಂಡು ಹಾಗೆ. ಎರಡೂ ಸೇರಿ ಎಳ್ಳಿನಷ್ಟು ಸಣ್ಣ ಚೌಕಳಿಗಳಾಗಿ, ಒಂದೊಂದೂ ಮೊನೆಯಾಗಿ ಎದ್ದು ಅಂಗೈಯನ್ನು ಕಚ್ಚಿ ಹಿಡಿಯುತ್ತಿದ್ದವು. ಅವು ಸವೆದದ್ದಕ್ಕೇ ತಾನೇ ಬಂದೂಕು ಜಾರಿದ್ದು?

"ಗೀರಿಲ್ಲದ ಹಿಡಿ ನನಗೆ ಬ್ಯಾಡ," ಎಂದರು ಗೌಡರು. "ಜನ ನಗಾಡಿದ್ದು ಒಂದು ಸಲ ಸಾಕು. ಈಗ ಎಲೆಕ್ಷನ್ ಬಂದೈತೆ. ಬಂದೂಕೆಲ್ಲ ಸ್ಟೇಷನ್ನಿಗೆ ಒಪ್ಪಿಸ್ರಿ ಅಂತ ನೋಟೀಸು. ಇವತ್ತಿಂದ ಹನ್ನೆರಡನೇ ದಿನ, ಸೋಮವಾರ ಕಡೇದು. ಬಿಡಿ ಬಿಡಿಯಾಗಿ ತಗೊಂಡು ಹೋದ್ರೆ ದಫೇದಾರ ನೂರೆಂಟು ಕೇಳ್ತಾನೆ. ನಿನ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳು. ವಿರೂಪಾಕ್ಷಾಚಾರಿಗೆ ಕಳಿಸ್ತೀನಿ. ಅವನಿಗೆ ಎರಡು ದಿನದ ಕೆಲಸ."

"ನಾನೇ ಹಾಕ್ತೀನಿ."

"ಯಾವ ಹತಾರದಾಗೆ?"

ಪಾಪಣ್ಣ ಮರವನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಸೈಕಲ್ ಹತ್ತಿದ.

ಅವನಿಗೆ ಗೊತ್ತಿದ್ದ ದಾರಿ ಒಂದೇ. ಮುರಿದ ಹಳೇ ಮರದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಚೂಪು ಉಳಿಯಿಂದ ಕೊರೆದು ನೋಡಿದ. ಮೊದಲ ಗೀರು ನೆಟ್ಟಗೆ ಬಂತು. ಹತ್ತನೆಯದು ಒಂಬತ್ತನೆಯದನ್ನು ಮುಟ್ಟಿತು, ಹದಿಮೂರನೆಯದು ದೂರ ಓಡಿತು. ಅವನ ತಾಯಿ ಹನುಮಂತಮ್ಮ ಬಗ್ಗಿ ನೋಡಿ, "ಕೋಳಿ ಏನಾರ ಕೆದರಿತೇನೋ?" ಎಂದಳು. ಅವನು ಉಳಿಯನ್ನು ಬಿಸಾಕಿದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಒರೆಸಿಟ್ಟ.

ಮಾರನೇ ದಿನ ಹೊನ್ನಾಳಿಯ ಬಸ್ಸು ಹತ್ತಿದ. ಅಲ್ಲಿ ಕೊಟ್ರಬಸಪ್ಪನ ಕಬ್ಬಿಣದ ಅಂಗಡಿಯಲ್ಲಿ ಸಿಗದ ಹತಾರವಿಲ್ಲ ಎಂದು ಮಿಲ್ಲಿನವರು ಹೇಳಿದ್ದರು. ಕೊಟ್ರಬಸಪ್ಪ ಮರವನ್ನು ನೋಡಿ ಕನ್ನಡಕ ಏರಿಸಿಕೊಂಡ.

"ಬಂದೂಕಿಗೆ ಗೀರು ಹಾಕಾ ಹತಾರ? ಇಪ್ಪತ್ತು ವರ್ಷದಾಗೆ ಕೇಳಿದೋನು ನೀನೇ ಮೊದಲು. ಯಾರನ್ನಾರ ಹೊಡೆಯಾಕೋ ಹೆಂಗೆ?"

"ಹತಾರ ಸಿಗದಿದ್ರೆ ಯೋಚನೆ ಮಾಡ್ತೀನಿ."

ಕೊಟ್ರಬಸಪ್ಪ ಹೊಟ್ಟೆ ಅಲುಗಿಸಿ ನಕ್ಕ. ಒಳಗಿನಿಂದ ಮೂರು ಮೂಲೆಯ ಅರವೊಂದನ್ನು ತಂದು ಮೇಜಿನ ಮೇಲಿಟ್ಟ. ಗರಗಸದ ಹಲ್ಲು ಮಸೆಯುವ ಅರ, ಬೆರಳಿನಷ್ಟು ಉದ್ದ, ತುದಿ ಸಣಕಲು. "ಇದು ಇರಾದ್ರಾಗೆ ಸಣ್ಣದು. ಹಾಕಿದ ಗೀರನ್ನ ಇದ್ರಾಗೆ ಆಳ ಮಾಡ್ಬಹುದು ನೋಡು. ಆದ್ರೆ ಗೀರಿನ ಪಕ್ಕ ಗೀರು ಕೂದಲೆಳೆ ಹೆಚ್ಚುಕಮ್ಮಿ ಆಗದಂಗೆ ಹೆಂಗೆ ಕೂರಿಸ್ತಾರೋ, ಆ ಶಿವನಿಗೇ ಗೊತ್ತು. ನ್ಯಾಮತಿ ಆಚಾರಿಗೆ ಗೊತ್ತು. ಹತ್ತಿರದಾಗೇ ಐತಲ್ಲ, ಹೋಗಿ ಕೇಳು."

ಪಾಪಣ್ಣನಿಗೆ ನ್ಯಾಮತಿಗೆ ಹೋಗುವ ಮನಸ್ಸೇ ಇರಲಿಲ್ಲ. ಆದರೂ ಹೋದ. ಅರ ಜೇಬಿನಲ್ಲಿತ್ತು, ದಿನ ಹತ್ತು ಉಳಿದಿದ್ದವು.

ವಿರೂಪಾಕ್ಷಾಚಾರಿ ಅರವತ್ತರ ಆಸುಪಾಸಿನವರು. ಕೆಲಸದ ಕೋಣೆಯ ಬಾಗಿಲಲ್ಲೇ ನಿಂತು ಅವನ ಕೈಯಿಂದ ಮರವನ್ನು ತೆಗೆದುಕೊಂಡರು. ಬೆಳಕಿಗೆ ಹಿಡಿದು, ಕಬ್ಬಿಣ ಕೂರುವ ಗೂಡಿನೊಳಗೆ ಬೆರಳಾಡಿಸಿದರು.

"ಯಾರು ತೆಗೆದದ್ದು?"

"ನಾನೇ."

"ಯಾರ ಪೈಕಿಯಪ್ಪಾ ನೀನು?"

"ಮರ ಕೆತ್ತೋರ ಪೈಕಿ."

ಆಚಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮರ ತೆಗೆದ ರೀತಿ ಅವರಿಗೆ ಹಿಡಿಸಿತ್ತು, ಅದನ್ನು ಮುಚ್ಚಿಡಲೂ ಇಲ್ಲ. "ಚೆನ್ನಾಗಿ ತೆಗೆದಿದೀಯ. ಬಿಟ್ಟು ಹೋಗು. ನಾಡಿದ್ದು ಬಾ. ಗೀರು ಹಾಕಿ ಎಣ್ಣೆ ಕುಡಿಸಿ ಇಟ್ಟಿರ್ತೀನಿ."

"ಗುರುತು?"

"ಕಡೇ ಕೈ ನಂದಲ್ವೇನಪ್ಪಾ?"

ಅವರ ಹಿಂದೆ ಒಳಗಿನ ಮಣೆಯ ಮೇಲೆ ಅರ್ಧ ಗೀರು ಹಾಕಿದ ಬಂದೂಕಿನ ಮರವೊಂದಿತ್ತು. ಪಕ್ಕದಲ್ಲಿ ಹತಾರಗಳು ಸಾಲಾಗಿದ್ದವು. ಪಾಪಣ್ಣ ಕತ್ತು ಉದ್ದ ಮಾಡಿದ್ದೇ ತಡ, ಆಚಾರಿ ತಿರುಗಿ ಹೆಗಲ ಮೇಲಿನ ವಸ್ತ್ರವನ್ನು ಅವುಗಳ ಮೇಲೆ ಹಾಸಿಬಿಟ್ಟರು.

"ಒಂದ್ಸಲ ತೋರಿಸ್ರಿ, ಆಚಾರ್ರೇ. ಮುಟ್ಟಲ್ಲ. ಕಣ್ಣಲ್ಲಿ ನೋಡ್ತೀನಿ, ಅಷ್ಟೇ."

"ಹತಾರ ನಮಗೆ ದೇವರಪ್ಪಾ. ಕಂಡೋರ ಕಣ್ಣಿಗೆ ಇಡಾಕಾಗಲ್ಲ. ನಮ್ಮನೇ ಮಕ್ಕಳೇ ಸ್ನಾನ ಮಾಡದೆ ಮುಟ್ಟಲ್ಲ."

ಪಾಪಣ್ಣ ಅವರ ಕೈಯಿಂದ ಮರವನ್ನು ಎಳೆದುಕೊಂಡ. "ನಾನು ಕೆತ್ತಿದ ಮರಾನ ನೀವು ಸವರಾಕೆ ಅಡ್ಡಿ ಇಲ್ಲ. ನಿಮ್ಮ ಹತಾರಾನ ನಾನು ನೋಡಾಕೆ ಅಡ್ಡಿ. ಆಗ್ಲಿ ಬಿಡ್ರಿ. ಹುಟ್ಟಿದಾಗ ನಿಮ್ಮಪ್ಪಾರ ಕೈಯಾಗೂ ಆ ಹತಾರ ಇರಲಿಲ್ಲ. ಎಲ್ಲೋ ಒಂದು ಕಡೆ ಯಾರೋ ಮಾಡಿರಾದೇ. ಹುಡುಕ್ತೀನಿ."

ಹಿಂದಿನಿಂದ ಆಚಾರಿ ಏನೋ ಅಂದರು. ಅವನು ನಿಲ್ಲಲಿಲ್ಲ.

ಊರಿಗೆ ಬಂದು ಮೂರು ದಿನ ಮಾಡಿದ್ದೆಲ್ಲ ಹಾಳು. ಎರಡು ಮೊಳೆಗಳನ್ನು ಒಟ್ಟಿಗೆ ಕಟ್ಟಿ ಎಳೆದ, ಮರ ಹರಿಯಿತು. ದಾರಕ್ಕೆ ಮಸಿ ಬಳಿದು ಗೆರೆ ಹೊಡೆದ, ಉಬ್ಬಿನ ಮೇಲೆ ದಾರ ಸರಿಯಿತು. ನಾಲ್ಕನೇ ದಿನ ಬೆಳಗ್ಗೆ ಮನೆಯ ಮುಂದಿನ ಕಲ್ಲಿನ ಮೇಲೆ ಮುರಿದ ಮರವನ್ನು ತೊಡೆಗಿಟ್ಟುಕೊಂಡು ಕೂತಿದ್ದ. ಹನುಮಂತಮ್ಮ ಅಲ್ಲೇ ಬಿಸಿಲಿಗೆ ಕೂತು, ಕೂದಲನ್ನು ಮುಖದ ಮುಂದೆ ಇಳಿಬಿಟ್ಟುಕೊಂಡು ಸೀರಣಿಗೆಯಿಂದ ಬಾಚುತ್ತಿದ್ದಳು. ಹೇನು ತೆಗೆಯುವ ಆ ಮರದ ಬಾಚಣಿಗೆ ಎರಡೂ ಕಡೆ ಹಲ್ಲಿನದು. ಹಲ್ಲುಗಳ ನಡುವೆ ಹೇನಿನ ಮೊಟ್ಟೆಯೂ ನುಸುಳದಷ್ಟು ಸಂದು.

ಪಾಪಣ್ಣ ನೋಡುತ್ತಲೇ ಇದ್ದ. ಆಮೇಲೆ ತಟ್ಟನೆ ಎದ್ದು ಅದನ್ನು ಅವಳ ಕೈಯಿಂದ ಕಿತ್ತುಕೊಂಡ.

"ಲೋ ಪಾಪಾ! ಹುಚ್ಚು ಗಿಚ್ಚು ಹಿಡೀತೇನೋ?"

ಅವನು ಬಾಚಣಿಗೆಯನ್ನು ಹಳೇ ಮರದ ಸವೆದ ಗೀರುಗಳ ಪಕ್ಕ ಇಟ್ಟ. ಹಲ್ಲಿಗೂ ಗೀರಿಗೂ ಹೆಚ್ಚುಕಮ್ಮಿ ಒಂದೇ ಅಳತೆ. ಒಂದು ಕಡೆ ಅರವತ್ತೆರಡು ಹಲ್ಲು ಎಣಿಸಿದ. ಒಂದಾದರೂ ದಪ್ಪವಿಲ್ಲ, ಒಂದಾದರೂ ತೆಳುವಿಲ್ಲ. ಇದನ್ನು ಯಾರೋ ಕೈಯಲ್ಲೇ ಕೊಯ್ದಿದ್ದಾರೆ. ಹಾಗಾದರೆ ಗೀರಿನ ಪಕ್ಕ ಗೀರು ಕೂರಿಸುವ ವಿದ್ಯೆ ಬಂದೂಕಿನ ಆಚಾರಿಯೊಬ್ಬನದೇ ಅಲ್ಲ.

"ಅವ್ವಾ, ಇದನ್ನ ಯಾರತ್ರ ತಗೊಂಡೆ?"

"ಸಂತೇಬೆನ್ನೂರು ಸಂತೇಲಿ. ಜಗಳೂರು ಗಾದ್ರಮ್ಮ ಅಂತ, ಮಾಡಾದೂ ಅವಳೇ, ಮಾರಾದೂ ಅವಳೇ. ಪ್ಲಾಸ್ಟಿಕ್ಕು ಬಂದ ಮ್ಯಾಲೆ ಈ ಕಡೆ ಮುಖಾನೇ ಹಾಕಿಲ್ಲ. ಕೊಡೋ ಇತ್ಲಾಗೆ, ಅರ್ಧ ತಲೆ ಹಂಗೇ ಐತೆ."

ಅವನು ಬಾಚಣಿಗೆಯನ್ನು ಕೊಡಲಿಲ್ಲ. ಅದನ್ನೂ ಅರವನ್ನೂ ಜೇಬಿಗಿಳಿಸಿಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ಜಗಳೂರಿನಲ್ಲಿ ಇಳಿದ. ಡಿಸೆಂಬರಿನಲ್ಲೂ ಅಲ್ಲಿ ನೆತ್ತಿ ಸುಡುತ್ತಿತ್ತು. ಬಾಚಣಿಗೆ ಗಾದ್ರಮ್ಮ ಎಂದರೆ ಊರಿಗೇ ಗೊತ್ತು. ಕೆರೆ ಕಡೆಯ ಕೇರಿಯಲ್ಲಿ, ಹುಣಸೆ ಮರದ ಕೆಳಗೆ, ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕಾಲಿನ ಎರಡೂ ಹೆಬ್ಬೆರಳುಗಳ ನಡುವೆ ಮರದ ತುಂಡನ್ನು ಒತ್ತಿ ಹಿಡಿದು ಕೂತಿದ್ದಳು.

ಪಾಪಣ್ಣ ಬಾಚಣಿಗೆಯನ್ನು ಅವಳ ಮುಂದೆ ಹಿಡಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ನಂದೇ. ಹಲ್ಲು ಮುರಿದಿಲ್ವಲ್ಲ, ಯಾಕೆ ತಂದೆ? ವಾಪಸ್ ತಗಳಾಕಿಲ್ಲ."

"ವಾಪಸ್ ಕೊಡಾಕೆ ಅಲ್ಲ ಅಜ್ಜೀ. ಇದನ್ನ ಹೆಂಗೆ ಕೊಯ್ತೀಯಾ ನೋಡಾಕೆ ಬಂದೆ." ಬಂದೂಕು, ಹಂದಿ, ಗೌಡರು, ಸೋಮವಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನ್ಯಾಮತಿಯ ವಸ್ತ್ರದ ಸಂಗತಿ ಬಂದಾಗ ದನಿ ಏರಿತು.

ಗಾದ್ರಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟು ನಗತೊಡಗಿದಳು. "ಹೇನಿನ ಹಣಿಗೇನ ಬಂದೂಕಿಗೆ ಹಾಕ್ತೀಯಾ? ಹಂದಿ ತಲೆ ಬಾಚಾಕಾ?"

"ನಗಬ್ಯಾಡ ಅಜ್ಜೀ. ತೋರಿಸ್ತೀಯೋ, ನೀನೂ ಮುಚ್ಚಿಡ್ತೀಯೋ? ಅದನ್ನ ಹೇಳು."

"ಮುಚ್ಚಿಡಾಕೆ ಏನೈತೆ ಮಗಾ? ಕದಿಯಾಕೆ ಬರೋರೇ ಇಲ್ಲ." ಅವಳು ಪಕ್ಕದಲ್ಲಿದ್ದುದನ್ನು ಎತ್ತಿ ಅವನ ಅಂಗೈಗೆ ಹಾಕಿದಳು.

ಅದು ಗರಗಸ. ಆದರೆ ಒಂದೇ ಮರದ ಹಿಡಿಗೆ ಎರಡು ಅಲಗು, ಒಂದರ ಪಕ್ಕ ಒಂದು. ನಡುವೆ ಎಮ್ಮೆ ಕೊಂಬಿನ ತೆಳ್ಳನೆಯ ಸೀಳು. ಒಂದು ಅಲಗು ಇನ್ನೊಂದಕ್ಕಿಂತ ಚೂರು ಕೆಳಗಿಳಿದಿತ್ತು.

"ಈ ಉದ್ದದ್ದು ಹಳೇ ಗೀರಿನಾಗೆ ಕೂರ್ತೈತೆ. ಅದು ದಾರಿ ಬಲ್ಲದು, ಅತ್ಲಾಗಿತ್ಲಾಗೆ ಹೋಗಾಕಿಲ್ಲ. ಅದ್ರ ಪಕ್ಕದಾಗೆ ಈ ಗಿಡ್ಡಂದು ಹೊಸಾ ಗೀರು ಶುರು ಮಾಡ್ತೈತೆ. ಆಮ್ಯಾಲೆ ಉದ್ದದ್ದು ಆ ಹೊಸಾದ್ರಾಗೆ ಕೂರ್ತೈತೆ. ಅಳತೆ ನಾನು ಮಾಡಾಕಿಲ್ಲ, ಇದೇ ಮಾಡ್ತೈತೆ."

ಪಾಪಣ್ಣ ಎರಡೂ ಅಲಗುಗಳನ್ನು ಉಗುರಿನಿಂದ ಮುಟ್ಟಿ ನೋಡಿದ. ಇಷ್ಟೇನಾ? ಇಷ್ಟನ್ನೇ ಆ ಮನುಷ್ಯ ವಸ್ತ್ರ ಹೊದಿಸಿ ಮುಚ್ಚಿದ್ದು? ನಗಬೇಕೋ ಬೈಯಬೇಕೋ ತಿಳಿಯದೆ ಅವನು ಆ ಗರಗಸವನ್ನೇ ತಿರುಗಿಸಿದ.

"ಇದನ್ನ ನಾಲ್ಕು ದಿನ ಕೊಡು ಅಜ್ಜೀ. ತಂದು ಕೊಡ್ತೀನಿ."

"ಕೊಡಾಕಿಲ್ಲ." ಅವಳು ಥಟ್ಟನೆ ಕಸಿದುಕೊಂಡಳು. "ನಾಲ್ಕು ದಿನ ನಾನೇನು ಕೈ ಕಟ್ಕೊಂಡು ಕೂರ್ಲಾ? ನೋಡಿದ್ಯಲ್ಲ, ಮಾಡ್ಕೋ. ಮೊದ್ಲು ಕೂತ್ಕೊಂಡು ಒಂದು ಹಣಿಗೆ ಕೊಯ್ದು ತೋರಿಸು."

"ನಂಗೆ ಟೈಮಿಲ್ಲ."

"ಹಂಗಾರೆ ಹೋಗು. ಕಣ್ಣಾಗೆ ನೋಡಿದ್ದು ಬಸ್ ಇಳಿಯಾ ಹೊತ್ತಿಗೆ ಮರ್ತು ಹೋಗ್ತೈತೆ."

ಅವನು ಕೂತ. ಅವಳು ಬಿಕ್ಕೆ ಮರದ ಬಿಲ್ಲೆಯೊಂದನ್ನು ಅವನ ಪಾದದ ಕೆಳಗೆ ಸಿಕ್ಕಿಸಿದಳು. ಮೊದಲ ಇಪ್ಪತ್ತು ಹಲ್ಲು ಸಲೀಸಾಗಿ ಬಂದವು. ಅವನಿಗೆ ಉಮೇದು ಏರಿ ಕೈ ಓಡಿತು. ಅಂಚಿಗೆ ಬಂದಾಗ ಕೊನೆಯ ಹಲ್ಲು ಟಪ್ಪೆಂದು ಹಾರಿ ಹೋಯಿತು. ಇನ್ನೊಂದು ಬಿಲ್ಲೆ. ಮತ್ತೆ ಅಂಚಿನಲ್ಲೇ ಮುರಿಯಿತು. ಅವನು ಹಲ್ಲು ಕಚ್ಚಿ ಇನ್ನೊಂದಕ್ಕೆ ಕೈ ಹಾಕಿದ.

"ಅಂಚಿನಾಗೆ ಮರಕ್ಕೆ ಆನಿಕೆ ಇರಾಕಿಲ್ಲ ಕಣೋ," ಎಂದಳು ಗಾದ್ರಮ್ಮ. "ಅಲ್ಲಿ ಹೊರಗಡೆಗೆ ತಳ್ಳಿದ್ರೆ ಚಕ್ಕೆ ಹಾರ್ತೈತೆ. ಗರಗಸಾನ ತಿರುವಿ, ಅಂಚಿಂದ ಒಳಗಡೆಗೆ ತಗಾ. ಎಷ್ಟು ಸಿಟ್ಟೋ ನಿಂಗೆ! ಅದು ನನ್ನ ಬಿಲ್ಲೆ, ನಿನ್ನ ಆಚಾರಿ ಕುತ್ತಿಗೆ ಅಲ್ಲ."

ಈ ಮಾತಿಗೆ ಪಾಪಣ್ಣನಿಗೂ ನಗು ಬಂತು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಪೂರಾ ಹಣಿಗೆ ಆಯಿತು. ಅವಳು ಅದನ್ನು ತನ್ನ ತಲೆಗೆ ಹಾಕಿ ಎಳೆದು ನೋಡಿ, "ಸಿಕ್ಕು ಬಿಡಿಸ್ತೈತೆ, ಹೇನು ಬಿಡ್ತೈತೆ. ನಡಿ," ಎಂದಳು. ಅವನ ಹೆಸರನ್ನು ಅವಳು ಕೇಳಿದ್ದು ಅವನು ಎದ್ದು ನಿಂತ ಮೇಲೆ. ಯಾರ ಪೈಕಿ ಎಂದು ಕೇಳಲೇ ಇಲ್ಲ.

ಸೋಮವಾರಕ್ಕೆ ಐದು ದಿನ ಉಳಿದಿತ್ತು. ಮಿಲ್ಲಿನಲ್ಲಿ ಕಬ್ಬಿಣ ಕೊಯ್ಯುವ ಬ್ಲೇಡಿನ ಮುರುಕುಗಳು ಬಿದ್ದಿದ್ದವು. ಎರಡನ್ನು ಆರಿಸಿ, ಹೊನ್ನಾಳಿಯ ಅರದಿಂದ ಹೊಸ ಹಲ್ಲು ತೆಗೆದ. ನಡುವೆ ಡಾಲ್ಡಾ ಡಬ್ಬಿಯ ತಗಡಿನ ಮಡಿಕೆ ಇಟ್ಟು, ಹಳೇ ಉಳಿಯ ಹಿಡಿಗೆ ಸೇರಿಸಿ ತಂತಿ ಬಿಗಿದ. ಮುರಿದ ಮರದ ಮೇಲೆ ಇಟ್ಟು ಎಳೆದ.

ಹತ್ತು ಗೀರಿಗೇ ಸಾಲು ವಾಲಿತು.

ಅವನು ಹತಾರವನ್ನು ಹಿತ್ತಿಲಿಗೆ ಎಸೆದ. ಆಮೇಲೆ ಹೋಗಿ ಹುಡುಕಿ ತಂದ. ಬಾಚಣಿಗೆಯ ಬಿಲ್ಲೆ ಚಪ್ಪಟೆ. ಬಂದೂಕಿನ ಹಿಡಿ ದುಂಡು, ಮೇಲೆ ಉಬ್ಬು, ಕೆಳಗೆ ತಗ್ಗು. ಬೆರಳುದ್ದದ ನೇರ ಅಲಗು ಅದರ ಮೇಲೆ ಹೇಗೆ ಕೂತೀತು? ಉಬ್ಬಿನ ಮೇಲೆ ತೊಟ್ಟಿಲಂತೆ ತೂಗುತ್ತಿತ್ತು, ಹಳೇ ಗೀರಿನಿಂದ ಎದ್ದು ಬರುತ್ತಿತ್ತು. ಗಾದ್ರಮ್ಮನ ಗರಗಸವನ್ನು ಇದ್ದ ಹಾಗೆಯೇ ಮಾಡಿದ್ದೇ ತಪ್ಪು. ಅಲಗುಗಳನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕತ್ತರಿಸಿದ. ಹಲ್ಲಿನ ಕಡೆಯನ್ನು ಚೂರು ಹೊಟ್ಟೆ ಬರುವಂತೆ ಉಜ್ಜಿದ. ಮತ್ತೆ ಎಳೆದ. ಈ ಸಲ ಗೀರು ಉಬ್ಬನ್ನು ಹತ್ತಿ ತಗ್ಗಿಗೆ ಇಳಿಯಿತು. ಇಪ್ಪತ್ತು, ಮೂವತ್ತು, ನಲವತ್ತು. ಒಂದೂ ಇನ್ನೊಂದನ್ನು ಮುಟ್ಟಲಿಲ್ಲ.

ತಗ್ಗಿನಲ್ಲಿ ಆಳ ಮಾಡಲು ಮಾತ್ರ ಅರದ ತುದಿ ಬಗ್ಗುತ್ತಿರಲಿಲ್ಲ. ತಾಯಿಯ ಒಲೆಗೆ ಅರವನ್ನು ತೂರಿ, ಕೆಂಪಗೆ ಕಾಯಿಸಿ, ತುದಿಯನ್ನು ಮೇಲಕ್ಕೆ ಬಾಗಿಸಿ, ನೀರಿಗೆ ಅದ್ದಿದ. ನೀರು ಚೊರ್ ಎಂದಿತು.

"ಅದು ಸಾರಿನ ನೀರು ಕಣೋ!" ಎಂದು ಹನುಮಂತಮ್ಮ ಅರಚಿದಳು.

"ಉಪ್ಪು ಹಾಕಿದ್ಯಾ?"

"ಇಲ್ಲ."

"ಹಂಗಾರೆ ಅರಕ್ಕೆ ಏನೂ ಆಗಲ್ಲ ಬಿಡು."

ಶುಕ್ರವಾರ ಬೆಳಗ್ಗೆ ಹೊಸ ಮರಕ್ಕೆ ಕೈ ಹಾಕಿದ. ಹಗ್ಗದ ಹೊರಸಿನ ಕಾಲುಗಳ ನಡುವೆ ಮರವನ್ನು ಎರಡು ಮೊಳೆಗಳಿಗೆ ಸಿಕ್ಕಿಸಿ, ಬೇಕಾದ ಹಾಗೆ ತಿರುಗಿಸಿಕೊಳ್ಳುವಂತೆ ಮಾಡಿದ. ಹನುಮಂತಮ್ಮ ಹೋಗುವವರಿಗೆ ಬರುವವರಿಗೆ, "ನಮ್ಮ ಪಾಪ ಕುರಿ ಸುಡ್ತಾ ಕೂತವ್ನೆ, ಬೆಂಕಿ ಹಾಕಾದೊಂದು ಮರ್ತವ್ನೆ," ಎನ್ನುತ್ತಿದ್ದಳು. ಅವನು ಗಂಟೆಗೊಮ್ಮೆ ಎದ್ದು ಬೆನ್ನು ಸೆಟೆಸಿ ಮತ್ತೆ ಕೂರುತ್ತಿದ್ದ. ಶುಕ್ರವಾರ ಬಲ ಮಗ್ಗುಲ ಒಂದು ಸಾಲು, ಶನಿವಾರ ಅದನ್ನು ಕತ್ತರಿಸುವ ಇನ್ನೊಂದು ಸಾಲು. ಚೌಕಳಿಗಳು ಏಳತೊಡಗಿದವು. ಭಾನುವಾರ ಎಡ ಮಗ್ಗುಲು.

ಎಡ ಮಗ್ಗುಲು ಮುಗಿಯಲು ಎಂಟೋ ಹತ್ತೋ ಗೀರು ಇದ್ದಾಗ ಪಂಚಾಕ್ಷರಪ್ಪನವರ ಆಳು ಸಣ್ಣತಿಮ್ಮಪ್ಪ ಸೈಕಲ್ಲಿನಲ್ಲಿ ಬಂದ. "ಗೌಡ್ರು ಕೇಳ್ಕೊಂಡು ಬಾ ಅಂದ್ರು. ನ್ಯಾಮತಿ ಆಚಾರಿ ಚನ್ನಗಿರಿಗೆ ಬಂದವ್ರಂತೆ, ನೆಂಟರ ಮನೇಲಿ ಅವ್ರೆ. ಆಗದಿದ್ರೆ ಮರ ಕೊಡು, ಅಲ್ಲಿಗೇ ಕೊಟ್ಟು ಹೋಗ್ತೀನಿ."

"ಆಗದಿದ್ರೆ ಅಂತ ಯಾರು ಅಂದ್ರು?"

"ಯಾರೂ ಅಂದಿಲ್ಲ. ನಿನ್ ಕೈಲಿ ಎಲ್ಲಿ ಆಗ್ತೈತೆ ಅಂತ ಆಚಾರಿ ಅಂದ್ರಂತೆ, ಅಷ್ಟೇ."

ಪಾಪಣ್ಣನ ಕೈ ಗೀರಿನಲ್ಲೇ ಇತ್ತು. ಆ ಮಾತು ಕಿವಿಗೆ ಬಿದ್ದದ್ದೇ ಹತಾರವನ್ನು ಮುಂದಕ್ಕೆ ತಳ್ಳಿದ. ಅಂಚಿನಲ್ಲಿ ಟಪ್ಪೆಂದಿತು. ಎರಡು ಚೌಕಳಿಗಳು ಚಕ್ಕೆಯಾಗಿ ಹಾರಿ, ಗೀರು ಅಂಚನ್ನು ದಾಟಿ ಬರೀ ಮರದ ಮೇಲೆ ಅರ್ಧ ಬೆರಳು ಓಡಿತು.

ಸಣ್ಣತಿಮ್ಮಪ್ಪನೂ ನೋಡಿದ. "ಅಯ್ಯಯ್ಯೋ," ಎಂದ ಮೆಲ್ಲಗೆ. "ಕೊಟ್ಟುಬಿಡ್ತೀಯ?"

ಪಾಪಣ್ಣ ಹತಾರವನ್ನು ನೆಲಕ್ಕಿಟ್ಟ. ಈ ಸಲ ಎಸೆಯಲಿಲ್ಲ. ಅಂಚಿಂದ ಒಳಗಡೆಗೆ ತಗಾ ಎಂದು ಗಾದ್ರಮ್ಮ ಬಾಯಿ ಬಿಟ್ಟು ಹೇಳಿದ್ದಳು. ಅವಳ ಬಿಲ್ಲೆಗಳ ಮೇಲೆ ಅದನ್ನು ಕಲಿತದ್ದೂ ಆಗಿತ್ತು. ಯಾರ ಮಾತಿಗೆ ಮರೆತ? ಎದುರಿಗೇ ಇಲ್ಲದ ಮನುಷ್ಯನ ಮಾತಿಗೆ! ತನ್ನ ಕೈಯನ್ನು ನ್ಯಾಮತಿಯ ಆಚಾರಿ ನೆಂಟರ ಮನೆಯಲ್ಲಿ ಕೂತೇ ಅಲುಗಿಸಿಬಿಟ್ಟ. ಅದು ಅವನಿಗೆ ಚಕ್ಕೆ ಹಾರಿದ್ದಕ್ಕಿಂತ ಹೆಚ್ಚು ಉರಿಯಿತು.

"ಕೂತ್ಕೋ ತಿಮ್ಮಣ್ಣ. ಅವ್ವ ಚಾ ಕೊಡ್ತಾಳೆ, ಕುಡಿ. ಗೌಡ್ರಿಗೆ ಹೇಳು, ನಾಳೆ ಒಂಬತ್ತಕ್ಕೆ ನಾನೇ ಬರ್ತೀನಿ."

ಸಣ್ಣತಿಮ್ಮಪ್ಪ ಹೋದ ಮೇಲೆ ಪಾಪಣ್ಣ ಚಕ್ಕೆ ಹಾರಿಹೋದ ಜಾಗವನ್ನು ಬೆರಳಿನಿಂದ ಅಳೆದ. ಚೌಕಳಿಗಳ ಸುತ್ತ ಒಂದೆಳೆ ಗೆರೆಯ ಅಂಚು ಹಾಕಬೇಕೆಂದುಕೊಂಡಿದ್ದ. ಒಂದೆಳೆ ಸಾಲದು. ಮೂರೆಳೆ ಹಾಕಿದರೆ ಚಕ್ಕೆಯೂ ಮುಚ್ಚುತ್ತದೆ, ಓಡಿದ ಗೀರೂ ಮುಚ್ಚುತ್ತದೆ. ಆದರೆ ಎಡಕ್ಕೆ ಮಾತ್ರ ಹಾಕಿದರೆ ತೇಪೆಯಾಗುತ್ತದೆ, ಮುಗಿದ ಬಲ ಮಗ್ಗುಲಿಗೂ ಹಾಕಬೇಕು. ಹಾಕಿದ. ಒಂದೊಂದು ಗೀರಿನ ಕೊನೆಗೂ ಹತಾರವನ್ನು ತಿರುವಿ, ಅಂಚಿನಿಂದ ಒಳಕ್ಕೆ ತೆಗೆದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಗಸೆ ಎಣ್ಣೆಯ ಬಟ್ಟೆಯಿಂದ ಹಿಡಿಯನ್ನು ಒರೆಸಿದಾಗ ಬೀಟೆ ಕಪ್ಪಗೆ ಮಿಂಚಿತು. ಅಂಗೈ ಇಟ್ಟರೆ ಬೆಕ್ಕಿನ ನಾಲಿಗೆಯಂತೆ ಹಿಡಿಯುತ್ತಿತ್ತು.

ಸೋಮವಾರ ಒಂಬತ್ತಕ್ಕೆ ಉಬ್ರಾಣಿಯ ಜಗಲಿಯಲ್ಲಿ ಗೌಡರು ಶರಟು ಹಾಕಿಕೊಂಡು ತಯಾರಾಗಿ ನಿಂತಿದ್ದರು. ಕಬ್ಬಿಣವನ್ನು ಮರಕ್ಕೆ ಕೂರಿಸಿ ಪಾಪಣ್ಣ ತಿರುಪು ಬಿಗಿದ. ಗೌಡರು ಚೊಂಬಿಗೆ ಕೈ ಅದ್ದಿದರು. ಹಿಡಿದರು. ಅಲುಗಿಸಿದರು. ಇನ್ನೊಮ್ಮೆ ಅದ್ದಿ, ಈ ಸಲ ಮೊಣಕೈವರೆಗೆ ನೀರು ಸುರಿದುಕೊಂಡು, ಬಂದೂಕನ್ನು ತಲೆಕೆಳಗೆ ಹಿಡಿದು ಕೊಡವಿದರು. ಅದು ಕೈ ಬಿಡಲಿಲ್ಲ.

"ಅಂಚು ದೊಡ್ಡದಾತಲ್ಲೋ?"

"ದೊಡ್ಡದೇ. ಒಂದು ಕಡೆ ಚಕ್ಕೆ ಹಾರ್ತು. ಎರಡೂ ಕಡೆ ಸಮ ಮಾಡಿದೀನಿ."

ಗೌಡರು ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಚಕ್ಕೆ ಹಾರಿದ್ದು ಎಲ್ಲೆಂದು ಅವರಿಗೆ ಸಿಗಲಿಲ್ಲ. "ಹ್ಞೂಂ," ಎಂದರು. "ಹಿಂದಿನ ಪಟ್ಟಿ ಹಾಕು, ಹೊರಡಾಣ. ಹತ್ತರ ಬಸ್ಸು ತಪ್ಪಿದ್ರೆ ಹನ್ನೊಂದರ ಗಡುವಿಗೆ ಸ್ಟೇಷನ್ ಮುಟ್ಟಾಕಾಗಲ್ಲ."

ಪಾಪಣ್ಣ ಪಟ್ಟಿಯನ್ನು ಕೈಗೆತ್ತಿಕೊಂಡ. ಹಾಕಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಬಂದೂಕನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಜೇಬಿನಿಂದ ಸಣ್ಣ ಉಳಿ ತೆಗೆದ.

"ಮತ್ತಿನ್ನೇನೋ?"

"ಗುರುತು."

"ಆಚಾರಿಗಳಿಗೆ ಮನೆತನದ ಗುರುತು ಇರ್ತೈತೆ. ನಿಂದ್ಯಾವ್ದು?"

ಪಾಪಣ್ಣ ಆ ಬಗ್ಗೆ ದಾರಿಯುದ್ದಕ್ಕೂ ಯೋಚಿಸಿದ್ದ. ಶಂಖವಿಲ್ಲ, ಚಕ್ರವಿಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರಗಳಿದ್ದವು. ಕಬ್ಬಿಣದ ಪಟ್ಟಿ ಮುಚ್ಚುವ ಆ ಎರಡು ಬೆರಳಗಲದ ಮರದ ಮೇಲೆ ಅವನು 'ಪಾ' ಎಂದು ಕೆತ್ತಿದ. ಆಮೇಲೆ 'ಪ'. ಆಮೇಲೆ ಣಕಾರ, ಅದರ ಒತ್ತು. ಅದು ಮುಗಿದ ಮೇಲೆ ಕೆಳಗಿನ ಸಾಲಿನಲ್ಲಿ 'ಚನ್ನಗಿರಿ'.

ಗೌಡರು ಗಡಿಯಾರ ನೋಡಿಕೊಂಡರು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಲೇ, ಮುಚ್ಚಿ ಹೋಗಾ ಜಾಗಕ್ಕೆ ಇಷ್ಟೊತ್ತು ಬೇಕಾ? ಮೊದಲಕ್ಷರ ಸಾಲದಾ?"

"ಯಾವತ್ತಾದ್ರೂ ಇದನ್ನ ಬಿಚ್ಚೋನು ಒಬ್ಬ ಬರ್ತಾನಲ್ಲ ಗೌಡ್ರೇ. ಅವನು ಪೂರ್ತಿ ಓದ್ಲಿ."

"ಬಸ್ಸು!"

"ನಿಲ್ಲಿಸ್ರಿ. ನಿಮ್ಮೂರ ಬಸ್ಸು, ನಿಮಗೆ ನಿಲ್ತೈತೆ."

ಪಂಚಾಕ್ಷರಪ್ಪನವರು ಒಂದು ಗಳಿಗೆ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಒದ್ದೆ ಕೈಯನ್ನು ಮೇಲೆತ್ತಿ ಬೀಸುತ್ತ, "ಏಯ್, ನಿಲ್ಸಯ್ಯಾ! ನಿಲ್ಸೋ!" ಎಂದು ಕೂಗುತ್ತ ರಸ್ತೆಗೆ ಓಡಿದರು. ಪಾಪಣ್ಣ ತಲೆ ಎತ್ತಲಿಲ್ಲ. ಕೊನೆಯ 'ರಿ'ಯ ಗುಡಿಸು ಬಾಕಿಯಿತ್ತು. ಅದನ್ನು ನಿಧಾನವಾಗಿ ಸುತ್ತಿಸಿ, ಹೊಟ್ಟನ್ನು ಉಫ್ ಎಂದು ಊದಿ, ಪಟ್ಟಿ ಇಟ್ಟು, ಮೊದಲನೇ ತಿರುಪನ್ನು ಬಿಗಿಯತೊಡಗಿದ.